ಸಕ್ಕರೆ ಅಂದರೆ ಸಕ್ಕರೆ ತಾನೇ?

ಮನೆ ಬದಲಾಯಿಸಿ ಎರಡು ತಿಂಗಳಾದರೂ ಬಿಚ್ಚದೆ ಉಳಿದ ಒಂದು ಡಬ್ಬ ಎಲ್ಲರ ಮನೆಯಲ್ಲೂ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆ, ಇಲ್ಲ ಅನ್ನಬೇಡಿ. ನಾವು ವರ್ಜೀನಿಯಾದ ಶ್ಯಾಂಟಿಲಿ ಬಿಟ್ಟು ಜಾರ್ಜಿಯಾದ ಕಮ್ಮಿಂಗಿಗೆ ಬರುವಾಗ ಅಂಥದೊಂದು ರಟ್ಟಿನ ಡಬ್ಬದ ಮೇಲೆ ನಮ್ಮವರು ದಪ್ಪ ಅಕ್ಷರದಲ್ಲಿ ‘ಇತರೆ’ ಎಂದು ಬರೆದಿದ್ದರು. ಅವರ ಪ್ರಕಾರ ಕಂಪ್ಯೂಟರು ಮತ್ತು ಅದರ ವೈರುಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇರುವುದೆಲ್ಲ ಇತರೆಯೇ. ಮೊನ್ನೆ ಒಗ್ಗರಣೆ ಸೌಟು ಹುಡುಕುತ್ತ ಅದನ್ನು ಬಿಚ್ಚಿದೆ. ಸೌಟು ಸಿಗಲಿಲ್ಲ. ಒಂಟಿ ಕಾಲುಚೀಲವೊಂದು ಸಿಕ್ಕಿತು. ಅದರೊಳಗೆ ಗೇಣುದ್ದದ ಗಾಜಿನ ಕಡ್ಡಿ. ತಳದಲ್ಲಿ ಸೀಸದ ಗುಂಡು, ಕತ್ತಿನಲ್ಲಿ ಸಣ್ಣ ಅಂಕಿಗಳು. ನಿಮ್ಮಲ್ಲಿ ಹಾಲಿನವನ ಜೊತೆ ಜಗಳವಾಡಿದವರಿಗೆ ಲ್ಯಾಕ್ಟೋಮೀಟರ್ ನೆನಪಿರಬಹುದು. ಇದು ಅದರ ಅಣ್ಣತಮ್ಮ. ಹಾಲಿಗೆ ಬೆರೆಸಿದ ನೀರನ್ನು ಅದು ಹಿಡಿದರೆ, ನೀರಿಗೆ ಬೆರೆತ ಸಕ್ಕರೆಯನ್ನು ಇದು ಹಿಡಿಯುತ್ತದೆ. ಕಡ್ಡಿ ಹಿಡಿದುಕೊಂಡು ನೆಲದ ಮೇಲೆ ಕೂತವಳು ಎದ್ದದ್ದು ಅನ್ನ ತಳ ಹಿಡಿದ ವಾಸನೆ ಬಂದ ಮೇಲೆ.

ಇದನ್ನು ಹೇಳುವ ಮೊದಲು ನಾನು ಯಾರೆಂದು ಹೇಳಬೇಕು. ಹೆಸರು ಸರೋಜ. ಹುಟ್ಟಿ ಬೆಳೆದದ್ದು ಮಂಡ್ಯದ ಕಡೆ, ಒಂದು ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ನಮ್ಮಪ್ಪನನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅಣ್ಣ ಆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟು. ಕಬ್ಬು ಅರೆಯುವ ಕಾಲದಲ್ಲಿ ಇಡೀ ಊರಿಗೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ವಾಸನೆ. ರೈಲಿನಲ್ಲಿ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ರಜೆಗೆ ಅಜ್ಜಿಯ ಮನೆಗೆ ಹೋದರೆ ಆ ವಾಸನೆ ಇಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಲ್ಯಾಬಿಗೆ ಹೋಗಿ ಸ್ಟೂಲಿನ ಮೇಲೆ ಕೂತರೆ ಅಣ್ಣ ಕಬ್ಬಿನ ಹಾಲಿನ ಜಾಡಿಯಲ್ಲಿ ಇಂಥದೇ ಗಾಜಿನ ಕಡ್ಡಿ ತೇಲಿಬಿಟ್ಟು, “ಎಷ್ಟು ತೋರಿಸ್ತಿದೆ ಓದಮ್ಮ” ಎನ್ನುತ್ತಿದ್ದರು. ಮಗ್ಗಿ ಕಲಿಯುವ ಮೊದಲೇ ನಾನು ಆ ಅಂಕಿ ಓದುವುದನ್ನು ಕಲಿತೆ. ಆಮೇಲೆ ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಆಮೇಲೆ ಮದುವೆ, ಆಮೇಲೆ ಅಮೆರಿಕ. ನಮ್ಮವರ ವೀಸಾ ಕೆಲಸ ಮಾಡುವವರದು. ನನ್ನದು ಅವರ ಬೆನ್ನಿಗೆ ಅಂಟಿಕೊಂಡು ಬಂದದ್ದು. ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಹೀಗಾಗಿ ಶ್ಯಾಂಟಿಲಿಯ ಆ ಟೌನ್‌ಹೌಸಿನಲ್ಲಿ ನಾನು ಮೂರು ವರ್ಷ ಹುಳಿ, ಸಾರು ಮಾಡುತ್ತ, ಮಗಳು ಅನುವನ್ನು ಸ್ಕೂಲ್ ಬಸ್ಸಿಗೆ ಬಿಡುತ್ತ, ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಗಳ ಹಿಂದಿನ ಸಣ್ಣ ಅಕ್ಷರ ಓದಿ ಒಬ್ಬಳೇ ತಲೆದೂಗುತ್ತ ಇದ್ದೆ.

ಮೂರನೆಯ ವರ್ಷದ ಡಿಸೆಂಬರಿನಲ್ಲಿ ನಮ್ಮವರ ಆಫೀಸಿನಲ್ಲಿ ಚೀಟಿ ಎತ್ತಿ ಉಡುಗೊರೆ ಹಂಚಿಕೊಳ್ಳುವ ಕಾರ್ಯಕ್ರಮ ನಡೆಯಿತು. ನಾವು ಕಷ್ಟಪಟ್ಟು ಆರಿಸಿ ಕೊಟ್ಟ ಚಂದನದ ಪೆನ್ ಸ್ಟ್ಯಾಂಡು ಯಾರ ಪಾಲಿಗೆ ಹೋಯಿತೋ ತಿಳಿಯದು. ನಮ್ಮವರಿಗೆ ಬಂದದ್ದು ಅವರ ಮ್ಯಾನೇಜರ್ ಬಾಬ್ ತಂದಿದ್ದ ದೊಡ್ಡ ಪೆಟ್ಟಿಗೆ. ಮನೆಗೆ ತಂದು ಬಿಚ್ಚಿದರೆ ಒಂದು ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಳ, ರಬ್ಬರ್ ಕೊಳವೆ, ಒಂದು ಡಬ್ಬ ಬಾರ್ಲಿಯ ಕಪ್ಪು ಪಾಕ, ಮತ್ತು ಈ ಗಾಜಿನ ಕಡ್ಡಿ. ಮನೆಯಲ್ಲೇ ಬಿಯರ್ ಮಾಡುವ ಕಿಟ್ಟು.

ನಮ್ಮವರು ಅಂಥ ಕುಡಿಯುವವರೇನಲ್ಲ. ಪಾರ್ಟಿಯಲ್ಲಿ ಒಂದು ಗ್ಲಾಸು ಹಿಡಿದುಕೊಂಡರೆ ಅದು ಬಿಸಿಯಾಗುವ ತನಕ ಹಿಡಿದಿರುತ್ತಾರೆ. ನಾನಂತೂ ಮುಟ್ಟಿದವಳಲ್ಲ. ಇದನ್ನು ಯಾರಿಗಾದರೂ ಕೊಟ್ಟುಬಿಡಿ ಎಂದೆ.

“ಅದು ಹ್ಯಾಗಾಗತ್ತೆ? ಬಾಬ್ ಮಂಡೇ ಬಂದು, ಶುರು ಮಾಡಿದ್ಯಾ ಅಂತ ಕೇಳ್ತಾನೆ. ಪ್ರಾಜೆಕ್ಟ್ ರಿನ್ಯೂ ಆಗೋ ಟೈಮು ಬೇರೆ,” ಎಂದರು. ಬಾಬ್ ಕೇಳಿಯೂ ಕೇಳಿದ. ಪ್ರತಿ ಸೋಮವಾರ ಕೇಳಿದ.

ಸರಿ, ನಾನು ಮೂರು ಷರತ್ತು ಹಾಕಿದೆ. ನನ್ನ ಅಡುಗೆ ಪಾತ್ರೆ ಮುಟ್ಟಬಾರದು. ನಮ್ಮ ಕನ್ನಡದವರ ಕಿವಿಗೆ ಇದು ಬೀಳಬಾರದು. ಎಂಥ ಸಂದರ್ಭ ಬಂದರೂ ಇದರಲ್ಲಿ ನನ್ನ ಹೆಸರು ಬರಕೂಡದು. “ದೇವರ ಮುಂದೆ ಹೇಳಿ” ಎಂದೆ. ಅವರು ಅಡುಗೆಮನೆಯ ಶೆಲ್ಫಿನಲ್ಲಿದ್ದ ದೇವರ ಕಡೆ ತಿರುಗಿ, “ಪ್ರಾಮಿಸ್” ಎಂದರು.

ಕಿಟ್ಟಿನ ಜೊತೆ ಒಂದು ಹಾಳೆ ಇತ್ತು. ಡಬ್ಬದ ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ಅದಕ್ಕೆ ಒಂದು ಕಿಲೋ ಸಕ್ಕರೆ ಅಥವಾ ಮೊಳಕೆ ಬಾರ್ಲಿಯ ಮಾಲ್ಟು ಅಥವಾ ಎರಡನ್ನೂ ನಿಮ್ಮ ರುಚಿಗೆ ತಕ್ಕಂತೆ ಸೇರಿಸಿ ಎಂದಿತ್ತು. ರುಚಿಗೆ ತಕ್ಕಂತೆ! ಅಡುಗೆ ಬಾರದ ಗಂಡಸರಿಗೆ ಹೇಳಬಾರದ ಮಾತು ಇದ್ದರೆ ಅದೇ. ನಮ್ಮವರು ಅಂಗಡಿಗೆ ಹೋಗಿ ಎರಡು ಗಂಟೆ ಬಿಟ್ಟು ಏಳೆಂಟು ಪೊಟ್ಟಣದೊಂದಿಗೆ ಬಂದರು. ಬಿಳಿ ಸಕ್ಕರೆ, ತೆಳು ಕಂದು ಸಕ್ಕರೆ, ಕಡು ಕಂದು ಸಕ್ಕರೆ, ಕೇಕಿನ ಮೇಲೆ ಉದುರಿಸುವ ಪುಡಿ ಸಕ್ಕರೆ, ಚೌಕದ ಸಕ್ಕರೆ, ಜೇನುತುಪ್ಪ, ಒಂದು ಶೀಶೆ ಕಾಕಂಬಿ.

“ಎಲ್ಲಾ ಯಾಕ್ರೀ ತಂದ್ರಿ?”

“ಯಾವುದು ಬೇಕೋ ಗೊತ್ತಾಗ್ಲಿಲ್ಲ. ಇರಲಿ ಬಿಡು, ಸಕ್ಕರೆ ಅಂದ್ರೆ ಸಕ್ಕರೆ ತಾನೇ?”

ಸಕ್ಕರೆ ಕಾರ್ಖಾನೆಯ ಕೆಮಿಸ್ಟನ ಮಗಳ ಎದುರು ಆಡುವ ಮಾತೇ ಇದು? ಸಂಗೀತದವರ ಮನೆಯಲ್ಲಿ ಅಳಿಯನಾಗಿ, ರಾಗ ಅಂದ್ರೆ ರಾಗ ತಾನೇ ಎಂದ ಹಾಗಾಯಿತು. ನನಗೆ ರೇಗಿತು. ಪುಡಿ ಸಕ್ಕರೆಯಲ್ಲಿ ಗಂಟು ಕಟ್ಟದಿರಲೆಂದು ಮೆಕ್ಕೆಜೋಳದ ಹಿಟ್ಟು ಬೆರೆಸಿರುತ್ತಾರೆ, ಅದನ್ನು ಹಾಕಬೇಡಿ ಎಂದೆ. ಹುದುಗಿಸುವ ಯೀಸ್ಟು ಬಿಳಿ ಸಕ್ಕರೆಯನ್ನು ಪೂರ್ತಿ ತಿಂದುಹಾಕುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ, ತಿಳಿಸಾರಿನ ಹಾಗೆ ನೀರಾಗುತ್ತದೆ ಎಂದೆ. ಮಾಲ್ಟಿನಲ್ಲಾದರೆ ಯೀಸ್ಟಿಗೆ ತಿನ್ನಲು ಬಾರದ ಅಂಶ ಕೊಂಚ ಉಳಿದು ಮಂದ ಕೊಡುತ್ತದೆ ಎಂದೆ. ಅವರು ಹೂಂ ಹೂಂ ಎಂದು, ಫೋನ್ ಎತ್ತಿ ಲ್ಯಾನ್ಸಿಗೆ ಕರೆ ಮಾಡಿದರು.

ಲ್ಯಾನ್ಸಿ ನಮ್ಮವರ ಜೊತೆ ಕೆಲಸಕ್ಕಿದ್ದ ಮಂಗಳೂರಿನ ಹುಡುಗ. ಒಳ್ಳೆಯವನು, ಬಾಯಿ ತುಂಬ ಅಕ್ಕ ಎನ್ನುವವನು. ಅವರ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ದ್ರಾಕ್ಷಿ ವೈನು ಮಾಡುತ್ತಾರೆ. ಅದನ್ನು ಅವನು ಕುಡಿದಿದ್ದ, ಮಾಡಿದವನಲ್ಲ. ಆದರೂ ಬಂದವನೇ ತೋಳು ಮಡಚಿದ.

“ಎಂಥ ಹೆದರೂದು ಮಾರ್ರೆ! ನಮ್ಮ ಮಮ್ಮಿ ಕಣ್ಣಂದಾಜಿಗೆ ಹಾಕೂದು. ಅರ್ಧ ಸಕ್ಕರೆ, ಅರ್ಧ ಬೆಲ್ಲ, ಮೇಲಿಂದ ಒಂದು ಮುಷ್ಟಿ ಗೋಧಿ. ಫಸ್ಟ್ ಕ್ಲಾಸ್ ಆಗ್ತದೆ.”

“ಅದು ದ್ರಾಕ್ಷಿ ಲ್ಯಾನ್ಸಿ. ಇದು ಬಾರ್ಲಿ,” ಎಂದೆ.

“ಹೌದಕ್ಕ, ಆದ್ರೆ ಬೆಲ್ಲ ಬೆಲ್ಲವೇ ಅಲ್ವಾ?”

ನಾನು ಕೈತೊಳೆದುಕೊಂಡು ಮಹಡಿ ಹತ್ತಿದೆ. ಕೆಳಗೆ ಎಂ.ಸಿ.ಎ. ಓದಿದವರೊಬ್ಬರು, ಎಂಜಿನಿಯರಿಂಗ್ ಓದಿದವನೊಬ್ಬ ಕೂಡಿ ಇಂಡಿಯನ್ ಅಂಗಡಿಯ ಬೆಲ್ಲದ ಅಚ್ಚನ್ನು ನನ್ನ ಲಟ್ಟಣಿಗೆಯಲ್ಲಿ ಜಜ್ಜುವ ಸದ್ದು ಕೇಳುತ್ತಿತ್ತು. ಲಟ್ಟಣಿಗೆ ಪಾತ್ರೆಯಲ್ಲವಲ್ಲ! ಆಮೇಲೆ ನೋಡಿದರೆ ಜೇನುತುಪ್ಪದ ಶೀಶೆಯೂ ಖಾಲಿಯಾಗಿತ್ತು. ಗಾಜಿನ ಕಡ್ಡಿಯನ್ನು ಥರ್ಮಾಮೀಟರ್ ಎಂದುಕೊಂಡು ಬಿಸಿನೀರಿಗೆ ಅದ್ದಿ ತೆಗೆದು, ಪಾದರಸ ಏರಲಿಲ್ಲವೆಂದು ಕೆಟ್ಟುಹೋಗಿದೆ ಅಂತ ಎತ್ತಿಟ್ಟಿದ್ದರು.

ಹುದುಗುವ ಪದಾರ್ಥಕ್ಕೆ ಅದರದೇ ಒಂದು ಗಡುವು ಇರುತ್ತದೆ. ದೋಸೆ ಹಿಟ್ಟನ್ನು ಬೆದರಿಸಿ ಉಬ್ಬಿಸಲು ಆಗುತ್ತದೆಯೇ? ಆದರೆ ಬಾಬ್ ಸೋಮವಾರ ಸೋಮವಾರ ಕೇಳುತ್ತಿದ್ದನಲ್ಲ, ಏಳನೆಯ ದಿನಕ್ಕೇ ಇವರು ಬಾಟಲಿಗೆ ತುಂಬಿದರು. ಗುಳ್ಳೆ ಬರಲೆಂದು ಬಾಟಲಿಗೆ ಒಂದೊಂದು ಪುಟ್ಟ ಚಮಚ ಸಕ್ಕರೆ ಹಾಕಬೇಕಂತೆ. ಲ್ಯಾನ್ಸಿ ಧಾರಾಳಿ. ನನ್ನ ಹುಳಿ ಬಡಿಸುವ ಚಮಚದಲ್ಲಿ ಹಾಕಿದ. ನಲವತ್ತೆಂಟು ಬಾಟಲಿಗಳನ್ನು ಬೆಚ್ಚಗಿರಲೆಂದು ಬಾಗಿಲ ಪಕ್ಕದ ಕೋಟು ನೇತುಹಾಕುವ ಕಪಾಟಿನ ತಳದಲ್ಲಿ ಜೋಡಿಸಿದರು. ಅದರ ಮೇಲಿನ ಅಂಚಿನಲ್ಲಿ ನನ್ನ ರೇಷ್ಮೆ ಸೀರೆಗಳ ಸೂಟ್‌ಕೇಸಿತ್ತು.

ಹತ್ತು ದಿನವಾಗಿತ್ತು. ಶನಿವಾರ ಮಧ್ಯಾಹ್ನ, ಹೊರಗೆ ಹಿಮ ಬಿದ್ದಿತ್ತು. ಅನು ಆಟಕ್ಕೆ ಹೋಗಲೆಂದು ಆ ಕಪಾಟು ತೆಗೆದು, ನೆಲದಲ್ಲಿ ಕೂತು, ತನ್ನ ಕೈಗವಸು ಹುಡುಕಿ ಹಾಕಿಕೊಂಡಳು. ಬಾಗಿಲು ಮುಚ್ಚಿ ನನ್ನ ಹತ್ತಿರ ಬಂದು, “ಅಮ್ಮಾ, ಝಿಪ್ ಹಾಕು” ಎಂದಳು. ನಾನು ಬಗ್ಗಿದೆ. ಆಗ ಕಪಾಟಿನೊಳಗೆ ಢಂ ಎಂದಿತು. ಮತ್ತೆ ಎರಡು. ಆಮೇಲೆ ದೀಪಾವಳಿಯ ಸರಪಟಾಕಿಯ ಹಾಗೆ ಒಂದಾದ ಮೇಲೊಂದು. ಬಾಗಿಲ ಸಂದಿಯಿಂದ ನೊರೆ ಹರಿದು ಬಂತು. ನಮ್ಮವರು ಬಾಗಿಲು ತೆಗೆಯಲು ಹೋದರು. ನಾನು ಅಂಗಿ ಹಿಡಿದು ಎಳೆದೆ. ಸದ್ದು ನಿಂತ ಮೇಲೆ, ಕೈಗೆ ಓವನ್ನಿನ ಗವಸು, ತಲೆಗೆ ಬಾಣಲೆ ಇಟ್ಟುಕೊಂಡು ತೆಗೆದು ನೋಡಿದರು. ಕೋಟುಗಳಲ್ಲಿ ಗಾಜಿನ ಚೂರು ನೆಟ್ಟುಕೊಂಡಿತ್ತು. ಅನು ಕೂತಿದ್ದ ಜಾಗದಲ್ಲಿದ್ದ ಅವಳ ಪುಟ್ಟ ಬೂಟಿನೊಳಗೆ ಒಂದು ಬಾಟಲಿಯ ಕತ್ತು ಸಿಕ್ಕಿಕೊಂಡಿತ್ತು.

ನಾನು ಕೂಗಾಡುತ್ತೇನೆಂದು ಅವರು ಕಾದರು. ನಾನು ಮಗುವನ್ನು ಎತ್ತಿಕೊಂಡು ಸೋಫಾದ ಮೇಲೆ ಕೂತೆ. ಬಿಗಿಯಾಗಿ ಹಿಡಿದಿದ್ದೆನೆಂದು ಕಾಣುತ್ತದೆ, “ಅಮ್ಮಾ, ಯೂ ಆರ್ ಸ್ಕ್ವಿಷಿಂಗ್ ಮಿ” ಎಂದಳು. ಅವರು ಸಂಜೆಯ ತನಕ ಗಾಜು ಹೆಕ್ಕಿದರು. ಬಂದು ನನ್ನ ಎದುರು ನೆಲದ ಮೇಲೆ ಕೂತು, “ನೀನು ಹೇಳಿದ್ದು ಕೇಳ್ಬೇಕಿತ್ತು ಸರೂ,” ಎಂದರು. ಬೆರಳಿಗೆಲ್ಲ ಗೀರು. ಬೈಯಲು ಕೂಡಿಟ್ಟಿದ್ದೆಲ್ಲ ಹಾಗೇ ಉಳಿಯಿತು. ಇದು ಗಂಡಂದಿರು ಮಾಡುವ ಮೋಸ. ಸಮಯಕ್ಕೆ ಸರಿಯಾಗಿ ತಪ್ಪೊಪ್ಪಿಕೊಂಡು ನಮ್ಮ ಸಿಟ್ಟನ್ನು ದಂಡ ಮಾಡುತ್ತಾರೆ.

ಮೇಲಕ್ಕೆ ಚಿಮ್ಮಿದ ಬಿಯರ್ ಸೂಟ್‌ಕೇಸಿನೊಳಗಿನ ನನ್ನ ಧಾರೆ ಸೀರೆಯ ಸೆರಗಿಗೂ ಇಳಿದಿತ್ತು. ಡ್ರೈ ಕ್ಲೀನಿಂಗಿಗೆ ಕೊಟ್ಟು ಬಂದ ಮೇಲೂ ಅದರಲ್ಲಿ ಸಣ್ಣಗೆ ಹುಳಿ ವಾಸನೆ. ಸೆರಗನ್ನು ಮೂಗಿಗೆ ಹಿಡಿದು ನಿಂತಾಗ ನನಗೇ ಗೊತ್ತಿಲ್ಲದೆ ಲೆಕ್ಕ ಹಾಕತೊಡಗಿದೆ. ಈ ಹುಳಿ ಬಿಳಿ ಸಕ್ಕರೆಯದು. ಈ ಕಮಟು ಬೆಲ್ಲದ್ದು. ಏಳು ದಿನಕ್ಕೆ ಅಷ್ಟು ಸಿಹಿಯನ್ನು ಯೀಸ್ಟು ತಿಂದು ಮುಗಿಸಿರಲು ಸಾಧ್ಯವಿಲ್ಲ, ಉಳಿದದ್ದೆಲ್ಲ ಬಾಟಲಿಯೊಳಗೆ ಹುದುಗಿ ಅನಿಲವಾಗಿದೆ. ಕಡ್ಡಿ ತೇಲಿಬಿಟ್ಟಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಇಷ್ಟು ಸುಲಭದ ಲೆಕ್ಕ! ಹೊಟ್ಟೆ ಉರಿಯಿತು ನೋಡಿ, ಒಬ್ಬರು ಕೆಟ್ಟದಾಗಿ ವೀಣೆ ನುಡಿಸುವುದನ್ನು ಕೈಕಟ್ಟಿ ಕೂತು ಕೇಳಿದ ಹಾಗೆ. ಕೈಕಟ್ಟಿಕೊಂಡವಳೂ ನಾನೇ, ಮಹಡಿ ಹತ್ತಿದವಳೂ ನಾನೇ.

ಸೀರೆ ಬಂದ ಮೇಲಿನ ಸೋಮವಾರ ನಾನೇ ಕಾರು ತೆಗೆದುಕೊಂಡು ಹೋದೆ. ಆಗ ನನಗೆ ಲೈಸೆನ್ಸು ಬಂದು ಹೊಸತು. ಎಡಕ್ಕೆ ತಿರುಗುವುದು ತಪ್ಪಿಸಲು ಮೂರು ಸಲ ಬಲಕ್ಕೆ ತಿರುಗುವ ಕಾಲ. ಟೈರ್ ಅಂಗಡಿಯೊಂದರ ಹಿಂದೆ ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಪುಟ್ಟ ಅಂಗಡಿಯಿತ್ತು. ಬಾಗಿಲು ತೆರೆದದ್ದೇ ನಿಂತುಬಿಟ್ಟೆ. ಪೀಪಾಯಿಗಳ ತುಂಬ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ. ಒಂದು ಹುಲ್ಲಿನ ಬಣ್ಣದ್ದು, ಒಂದು ಕೆಂಪು, ಒಂದು ಕಾಫಿಬೀಜದಷ್ಟು ಕಪ್ಪು. ವಾಸನೆ ಮಾತ್ರ ನಮ್ಮಜ್ಜಿಯ ಅಡುಗೆಮನೆಯದು. ಅಜ್ಜಿ ರಾಗಿ ನೆನೆಸಿ, ಒದ್ದೆ ಪಂಚೆಯ ತುಂಡಿನಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕುತ್ತಿದ್ದರು. ಎರಡು ದಿನಕ್ಕೆ ಬಟ್ಟೆಯ ಕಣ್ಣಿನಿಂದ ಬಿಳಿ ಮೊಳಕೆ ಇಣುಕುತ್ತಿತ್ತು. ಒಣಗಿಸಿ, ಹುರಿದು, ಬೀಸಿ ಹಿಟ್ಟು ಮಾಡಿದರೆ ಮನೆಯ ಮಕ್ಕಳಿಗೆಲ್ಲ ರಾಗಿ ಮಾಲ್ಟು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ, ಕದ್ದು ಕನಕಾಂಬರದ ಗಿಡಕ್ಕೆ ಸುರಿಯುತ್ತಿದ್ದೆ. ಆ ಗಿಡ ಊರಿಗೇ ಹೆಸರಾಗುವಂತೆ ಹೂ ಬಿಟ್ಟಿತು.

ಅಂಗಡಿಯ ಒಡತಿ ಮಾರ್ಥಾ ಎಂಬ ಎಪ್ಪತ್ತರ ಹೆಂಗಸು. ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ನೇತಾಡುತ್ತಿತ್ತು. “ಯಾರಿಗೆ?” ಎಂದು ಕೇಳಿದಳು. ಗಂಡನಿಗೆ ಎಂದೆ. ಅವಳು ಅಭ್ಯಾಸಬಲದಿಂದ ಒಂದು ಡಬ್ಬ, ಒಂದು ಸಕ್ಕರೆ ಪೊಟ್ಟಣ ಮುಂದಿಟ್ಟಳು. ನಾನು ಕೇಳಿದೆ: “ಈ ಮಾಲ್ಟಿನ ಪುಡಿಯಲ್ಲಿ ಯೀಸ್ಟು ತಿನ್ನದೆ ಉಳಿಸುವುದು ಎಷ್ಟು ಭಾಗ? ಆ ಕೆಂಪು ಕಾಳಿನಲ್ಲಿ ಸಕ್ಕರೆ ಆಗಲೇ ಕಟ್ಟಿಕೊಂಡಿದೆಯಲ್ಲ, ಸುಮ್ಮನೆ ಬಿಸಿನೀರಿನಲ್ಲಿ ನೆನೆಸಿದರೆ ಸಾಕೇ? ಬಾಟಲಿಗೆ ತುಂಬುವಾಗ ಹಾಕುವುದಕ್ಕೆ ಮೆಕ್ಕೆಜೋಳದ ಸಕ್ಕರೆ ಇದೆಯೇ?”

ಮಾರ್ಥಾ ಕನ್ನಡಕ ಎತ್ತಿ ಮೂಗಿಗೆ ಏರಿಸಿದಳು. “ಇವು ಗಂಡನಿಗೆಂದು ಬಂದವರು ಕೇಳುವ ಪ್ರಶ್ನೆಗಳಲ್ಲ. ಯಾರು ನೀನು?”

ಯಾರು ನಾನು ಎಂದು ಈ ದೇಶದಲ್ಲಿ ಕೇಳಿದವರು ಅವಳೊಬ್ಬಳೇ. ಸೆರಗು, ಕಪಾಟು, ಬೂಟು, ಅಣ್ಣನ ಲ್ಯಾಬು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಒಂದೊಂದು ಪೀಪಾಯಿಯಿಂದ ನಾಲ್ಕು ನಾಲ್ಕು ಕಾಳು ಕೊಟ್ಟು ಅಗಿಯಲು ಹೇಳಿದಳು. ಹುಲ್ಲಿನ ಬಣ್ಣದ್ದು ಸಪ್ಪೆ ಬಿಸ್ಕತ್ತು, ಕೆಂಪು ಕಾಳು ಸುಟ್ಟ ಸಕ್ಕರೆ, ಕಪ್ಪು ಬರೀ ಕಹಿ. ಅವಳು ಮುಂದಿಟ್ಟ ಡಬ್ಬದ ಪಾಕಕ್ಕೆ ಸಕ್ಕರೆ ಒಂದು ಚಿಟಿಕೆಯೂ ಬೇಡ, ಅದರ ಬದಲು ತೆಳು ಬಣ್ಣದ ಮಾಲ್ಟ್ ಪುಡಿ, ಜೊತೆಗೆ ಒಂದು ಹಿಡಿ ಕೆಂಪು ಕಾಳು, ಕೊನೆಯಲ್ಲಿ ಮಾತ್ರ ಮೆಕ್ಕೆಜೋಳದ ಸಕ್ಕರೆ, ಅದನ್ನೂ ನೀರಿನಲ್ಲಿ ಕುದಿಸಿ ಬಕೆಟ್ಟಿಗೇ ಬೆರೆಸುವುದು: ಹೀಗೆ ನಾವಿಬ್ಬರೂ ಸೇರಿ ತೀರ್ಮಾನಿಸಿದೆವು. ಹೊರಡುವಾಗ, “ಶನಿವಾರ ಇಲ್ಲಿ ಬಂದು ಕೆಲಸ ಮಾಡು. ಬರುವವರಿಗೆಲ್ಲ ಇದನ್ನೇ ಹೇಳಿ ಹೇಳಿ ನನಗೆ ಸಾಕಾಗಿದೆ,” ಎಂದಳು.

ವೀಸಾದ ವಿಷಯ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. “ಹಾಗಾದರೆ ನೀನು ಏನು ಮಾಡಿಕೊಂಡಿರಬೇಕೆಂದು ಅವರ ಎಣಿಕೆ?”

“ಅಡುಗೆ,” ಎಂದೆ.

“ಇದೂ ಅಡುಗೆಯೇ,” ಎಂದು ಒಂದು ಹಿಡಿ ಕೆಂಪು ಕಾಳನ್ನು ಹೆಚ್ಚಿಗೆ ಹಾಕಿಕೊಟ್ಟಳು. ಕಾರಿನಲ್ಲಿ ಕೂತೆ. ಕಣ್ಣು ಒದ್ದೆಯಾಗಿತ್ತು, ಅದಕ್ಕೆ ಕಪ್ಪು ಕಾಳಿನ ಕಹಿ ಕಾರಣವೆಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಸಲದ ಬಿಯರನ್ನು ನಾನು ಮಾಡಿದೆ. ನನ್ನ ಅತಿದೊಡ್ಡ ಪಾತ್ರೆಯಲ್ಲಿ, ಹಬ್ಬಕ್ಕೆ ಬಿಸಿಬೇಳೆಬಾತ್ ಮಾಡುವ ಪಾತ್ರೆಯಲ್ಲೇ ಮಾಡಿದೆ. ಷರತ್ತು ಹಾಕಿದವಳೇ ಮುರಿದರೆ ಕೇಳುವವರು ಯಾರು? ನಮ್ಮವರಿಗೆ ಬಾಟಲಿ ತೊಳೆಯುವ ಕೆಲಸ. ಲ್ಯಾನ್ಸಿಗೆ ಅಡುಗೆಮನೆಯ ಹೊಸ್ತಿಲು ದಾಟದಿರುವ ಕೆಲಸ. ಅನು ಬಕೆಟ್ಟಿನ ಎದುರು ಕೂತು ಮುಚ್ಚಳದ ಕೊಳವೆಯಿಂದ ಬರುವ ಗುಳುಕ್ ಗುಳುಕ್ ಎಣಿಸುತ್ತಿದ್ದಳು. ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನವೂ ಕಡ್ಡಿಯ ಅಂಕಿ ಬರೆದೆ. ಮೊದಲು ಮೇಲಕ್ಕೆ ತೇಲಿದ್ದ ಕಡ್ಡಿ ಸಿಹಿ ಕಡಿಮೆಯಾದಂತೆ ದಿನ ದಿನಕ್ಕೆ ಮುಳುಗುತ್ತ ಬಂತು. ಆ ಎರಡು ವಾರ ಮನೆಯಲ್ಲಿ ನನ್ನ ಪ್ರಾಣ ತಿಂದದ್ದು ಯೀಸ್ಟಲ್ಲ, ನಮ್ಮವರು. “ಆಯ್ತಾ?” “ಇಲ್ಲ.” “ಇವತ್ತು ಆಯ್ತಾ?” “ಇಲ್ಲ ಕಣ್ರೀ!” ಮೂರು ದಿನ ಅಂಕಿ ಕದಲದೆ ನಿಂತ ಮೇಲೆ ಬಾಟಲಿಗೆ ತುಂಬಿದೆ. ಬಾಟಲಿಗಳನ್ನು ಬೇಸ್‌ಮೆಂಟಿನಲ್ಲಿ ಮುಚ್ಚಳದ ಪೆಟ್ಟಿಗೆಯೊಳಗಿಟ್ಟು ಮೇಲೆ ಹಳೆಯ ಹಾಸಿಗೆ ಹೊದೆಸಿದೆ. ಒಂದೂ ಒಡೆಯಲಿಲ್ಲ.

ರುಚಿಯ ಬಗ್ಗೆ ನಾನು ಹೇಳಲಾರೆ. ಒಂದು ಚಮಚ ಬಾಯಿಗೆ ಹಾಕಿಕೊಂಡೆ, ಕಷಾಯ ಕುಡಿದ ಮುಖವಾಯಿತು. ಹೊಸ್ತಿಲ ಆಚೆಯಿಂದ ಗ್ಲಾಸು ಚಾಚಿದ ಲ್ಯಾನ್ಸಿ ಮಾತ್ರ ಅದನ್ನು ಬರಿದುಮಾಡಿ ಮತ್ತೆ ಚಾಚಿದ. “ಅಕ್ಕ, ಇದನ್ನು ಮಮ್ಮಿಗೆ ಹೇಳ್ಬೇಡಿ, ಆದ್ರೆ ಇದು ಬೇರೆಯೇ ಉಂಟು,” ಎಂದ.

ಮೇ ತಿಂಗಳಲ್ಲಿ ಆಫೀಸಿನ ಪಿಕ್‌ನಿಕ್ ಬಂತು. ಹೊಳೆಯ ಪಕ್ಕದ ಪಾರ್ಕಿನಲ್ಲಿ ಮೇಜು ಹಾಕಿದ್ದರು. ನಮ್ಮವರು ಐಸಿನ ಪೆಟ್ಟಿಗೆಯಲ್ಲಿ ಎರಡು ಡಜನ್ ಬಾಟಲಿ ತಂದಿದ್ದರು. ಬಾಬ್ ಒಂದು ಕುಡಿದ, ಇನ್ನೊಂದು ಕುಡಿದ, ಮೂರನೆಯದನ್ನು ಬೆಳಕಿಗೆ ಹಿಡಿದು, “ಶ್ರೀ, ಇದನ್ನು ಹೇಗಪ್ಪಾ ಮಾಡಿದೆ?” ಎಂದು ಸುತ್ತಲಿನವರನ್ನೆಲ್ಲ ಕರೆದ. ಶ್ರೀ ಎಂದರೆ ನಮ್ಮವರು. ಶ್ರೀಕಂಠ ಎನ್ನುವಷ್ಟು ವ್ಯವಧಾನ ಅಲ್ಲಿ ಯಾರಿಗೂ ಇಲ್ಲ. ನಾನು ಕಾಗದದ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಆಚೆ ನಿಂತಿದ್ದೆ.

ನಮ್ಮವರು ಎದೆ ಉಬ್ಬಿಸಿದರು. “ಸಕ್ಕರೆ ಹಾಕಬಾರದು ಬಾಬ್. ಎಲ್ಲರೂ ಮಾಡುವ ತಪ್ಪು ಅದೇ. ಸಕ್ಕರೆ ಅಂದರೆ ಎಲ್ಲ ಒಂದೇ ಎಂದು ತಿಳಿದಿರುತ್ತಾರೆ. ಮಾಲ್ಟು ಹಾಕಬೇಕು. ಅದು ಮಂದ ಕೊಡುತ್ತದೆ.”

“ಯಾಕೆ ಕೊಡುತ್ತದೆ?” ಎಂದ ಬಾಬ್.

ನಮ್ಮವರು ನನ್ನ ಕಡೆ ನೋಡಿದರು. ನಾನು ಆಲೂಗಡ್ಡೆ ಸಲಾಡಿನ ಕಡೆ ನೋಡಿದೆ. “ಅದು ನಮ್ಮ ಮನೆತನದ ಗುಟ್ಟು,” ಎಂದು ನಕ್ಕರು. ಎಲ್ಲರೂ ನಕ್ಕರು, ಬೆನ್ನು ತಟ್ಟಿದರು. ಬಾಬಿನ ಹೆಂಡತಿ ನನ್ನ ಹತ್ತಿರ ಬಂದು, “ಗಂಡಸರ ಈ ಹುಚ್ಚಿನಿಂದ ನಿನ್ನ ಅಡುಗೆಮನೆ ಎಷ್ಟು ಗಲೀಜಾಯಿತೋ ಪಾಪ,” ಎಂದು ಕನಿಕರಿಸಿದಳು. ಹೌದು ಎಂದೆ.

ವಾಪಸು ಬರುವಾಗ ಕಾರಿನಲ್ಲಿ ಅನು ಹಿಂದೆ ನಿದ್ದೆಹೋಗಿದ್ದಳು. ಮನೆ ಮುಂದೆ ಕಾರು ನಿಂತ ಮೇಲೂ ನಾನು ಇಳಿಯಲಿಲ್ಲ.

“ಏನಾಯ್ತು ಸರೂ?”

“ಆ ಬಿಯರ್ ಯಾರು ಮಾಡಿದ್ದು?”

“ನೀನು.”

“ಮತ್ತೆ ಬಾಬ್‌ಗೆ ಯಾಕೆ ಹೇಳ್ಲಿಲ್ಲ? ನಾನು ಅಲ್ಲೇ ನಿಂತಿದ್ದೆ. ಮೂರು ವರ್ಷದಿಂದ ಈ ದೇಶದಲ್ಲಿ ನಾನು ಓದಿದ್ದು ಒಂದು ಕಡೆ ಉಪಯೋಗಕ್ಕೆ ಬಂತು. ಒಂದೇ ಕಡೆ. ಅದನ್ನೂ ನೀವೇ ಇಟ್ಕೊಂಡ್ರಲ್ಲ.”

ಅವರು ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ಹೇಳಿದರು, “ಹೇಳಬೇಡಿ ಅಂದಿದ್ದು ನೀನೇ ಅಲ್ವಾ? ದೇವರ ಮುಂದೆ ಆಣೆ ಮಾಡಿಸಿಕೊಂಡೆ. ಪಿಕ್‌ನಿಕ್‌ಗೆ ನಮ್ಮ ಕನ್ನಡದವರೂ ಇಬ್ಬರು ಬಂದಿದ್ರು. ಅವರ ಮುಂದೆ ನಿನ್ನ ಹೆಸರು ಹೇಳಿದ್ರೆ ಮಂಡ್ಯದ ತನಕ ಹೋಗತ್ತೆ, ನೀನು ಬೇಜಾರು ಮಾಡ್ಕೋತೀಯ ಅಂತ ಬಾಯಿ ಮುಚ್ಚಿಕೊಂಡೆ.” ಆಮೇಲೆ ಕೀಲಿ ತೆಗೆದು ಸೇರಿಸಿದರು, “ಸರಿ, ಸ್ವಲ್ಪ ಜಂಬಾನೂ ಬಂತು. ಅದು ಸುಳ್ಳಲ್ಲ.”

ಆಣೆ ಹಾಕಿಸಿದವಳು ನಾನೇ. ಹೆಸರು ಬೇಡವೆಂದವಳೂ ನಾನೇ, ಈಗ ಹೆಸರಿಲ್ಲವೆಂದು ಅಳುವವಳೂ ನಾನೇ. ಜನ ಏನೆಂದುಕೊಂಡಾರು ಎಂಬ ಹೆದರಿಕೆಯನ್ನು ಸೀರೆಯ ಸೂಟ್‌ಕೇಸಿನ ಜೊತೆ ಊರಿನಿಂದ ಹೊತ್ತುಕೊಂಡು ಬಂದಿದ್ದೆ, ಅಷ್ಟೇ. ಜಗಳದಲ್ಲಿ ಎದುರಾಳಿಯ ಮಾತು ಸರಿಯಿದೆ ಎಂದು ಗೊತ್ತಾದಾಗ ಬರುವ ಸಿಟ್ಟಿಗೆ ಕನ್ನಡದಲ್ಲಿ ಒಂದು ಹೆಸರಿರಬೇಕಿತ್ತು.

“ಹೇಳಿ,” ಎಂದೆ.

“ಏನು?”

“ನಾಳೆ ಬಾಬ್‌ಗೆ ಹೇಳಿ. ಎಲ್ಲರ ಮುಂದೆ. ಮಂಡ್ಯಕ್ಕೆ ಬೇಕಾದ್ರೂ ಹೋಗ್ಲಿ.”

ಮಾರನೆಯ ಸಂಜೆ ಅವರು ಬಂದು ಷೂ ಬಿಚ್ಚುತ್ತ, “ಹೇಳಿದೆ” ಎಂದರು. ಮೀಟಿಂಗಿನಲ್ಲಿ ಎಲ್ಲರ ಎದುರೇ ಹೇಳಿದರಂತೆ. ನಾನು ತೊಳೆದದ್ದು ಬಾಟಲಿ ಮಾತ್ರ, ಉಳಿದದ್ದೆಲ್ಲ ನನ್ನ ಹೆಂಡತಿ, ಅವಳು ಕೆಮಿಸ್ಟು ಎಂದರಂತೆ. ಬಾಬ್ ಏನೆಂದ ಎಂದು ಕೇಳಿದೆ. “ಏನೂ ಅನ್ಲಿಲ್ಲ. ಪೆನ್ ತೆಗೆದು ಏನೋ ಬರ್ಕೊಂಡ” ಎಂದು ಕಾಫಿ ಕೇಳಿದರು. ನನಗೆ ನಿರಾಸೆಯಾಯಿತು. ಏನಾಗಬೇಕಿತ್ತೆಂದು ಕೇಳಿದರೆ ಹೇಳಲೂ ಗೊತ್ತಿಲ್ಲ. ಮೀಟಿಂಗಿನಲ್ಲಿ ಎದ್ದು ಚಪ್ಪಾಳೆ ಹೊಡೆಯಬೇಕಿತ್ತೇ?

ನಮ್ಮ ಮನೆಯ ಫೋನಿನ ವಿಷಯ ನಿಮಗೆ ಹೇಳಿಲ್ಲ. ಅದು ಬಡಿದುಕೊಂಡಾಗಲೆಲ್ಲ ಅವರಿಗೇ. ಆಫೀಸು, ಬ್ಯಾಂಕು, ಕೆಲಸ ಬದಲಿಸುತ್ತೀರಾ ಎಂದು ಕೇಳುವ ಏಜೆಂಟರು, ಭಾರತಕ್ಕೆ ಅಗ್ಗದಲ್ಲಿ ಮಾತಾಡಿ ಎಂದು ಊಟದ ಹೊತ್ತಿಗೆ ಕಾಡುವವರು. ಊರಿನಿಂದ ಫೋನು ಬಂದರೂ ಮೊದಲು ಅಳಿಯಂದಿರನ್ನೇ ಕೇಳುತ್ತಾರೆ. ಮೂರು ವರ್ಷದಲ್ಲಿ ನಾನು ಆ ಫೋನಿನಲ್ಲಿ ಅತಿ ಹೆಚ್ಚು ಆಡಿದ ಮಾತು, ಒಂದು ನಿಮಿಷ, ಕರೀತೀನಿ.

ಆ ಶನಿವಾರ ಬೆಳಿಗ್ಗೆ ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ಫೋನು ಬಡಿದುಕೊಂಡಿತು. ಅವರು ಎತ್ತಿಕೊಂಡರು, ಹಲೋ ಎಂದರು, ನಕ್ಕರು. ಉದ್ದನೆಯ ವೈರನ್ನು ಎಳೆದುಕೊಂಡು ಅಡುಗೆಮನೆಗೇ ಬಂದು ರಿಸೀವರ್ ಚಾಚಿದರು.

“ನಿನಗೆ.”

“ನನಗಾ? ಯಾರು?”

“ಬಾಬ್. ಅವನೂ ಒಂದು ಕಿಟ್ ತಂದಿದಾನಂತೆ. ನನ್ನ ಹತ್ರ ಮಾತಾಡಲ್ವಂತೆ.”

ಕೈಯೆಲ್ಲ ಹಿಟ್ಟು. ಭುಜಕ್ಕೂ ಕೆನ್ನೆಗೂ ನಡುವೆ ರಿಸೀವರ್ ಸಿಕ್ಕಿಸಿಕೊಂಡೆ. ಆ ಕಡೆಯಿಂದ ಬಾಬ್ ಬಹಳ ವಿನಯದಿಂದ, ಸರೋಜ ಎಂಬುದನ್ನು ಮೂರು ತುಂಡು ಮಾಡಿ ಉಚ್ಚರಿಸಿ, ಒಲೆಯ ಮೇಲೆ ನೀರು ಕುದಿಯುತ್ತಿದೆ, ಮಾಲ್ಟು ತರಲು ಮರೆತೆ, ಮನೆಯಲ್ಲಿ ಪ್ಯಾನ್‌ಕೇಕಿನ ಸಿರಪ್ಪು ಇದೆ, ಅದೂ ಸಿಹಿಯೇ ಅಲ್ಲವೇ, ಸುರಿದುಬಿಡಲೇ ಎಂದು ಕೇಳಿದ.

ನಾನು ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡೆ.

“ಬೇಡ. ಆ ಶೀಶೆ ಕೆಳಗಿಡಿ. ಒಲೆ ಆರಿಸಿ. ಪೆನ್ನು ತೊಗೊಳ್ಳಿ, ಹೇಳ್ತೀನಿ,” ಎಂದೆ.